ಜೆಟ್ ಎಂಜಿನ್ ಫ್ಯಾನಿನ ಸದ್ದನ್ನು ಮೊದಲೇ ಲೆಕ್ಕ ಹಾಕೋದು ಹೇಗೆ?

ದೇವನಹಳ್ಳಿಯಲ್ಲಿ ಇಳಿಯುವ ವಿಮಾನದ ‘ಕುಂಯ್’ ಸದ್ದನ್ನು ಕಂಪ್ಯೂಟರಿನಲ್ಲಿ ಮೊದಲೇ ಕಂಡುಹಿಡಿಯಬಹುದಾ ಅಂತ ಕೇಳಿದ್ದೀರಿ. ಆಗುತ್ತೆ, ಆದರೆ ಒಂದೇ ಲೆಕ್ಕದಲ್ಲಿ ಅಲ್ಲ.

ಫ್ಯಾನಿಗೆ 22 ಬ್ಲೇಡು, ನಿಮಿಷಕ್ಕೆ 3000 ಸುತ್ತು ಅಂದುಕೊಳ್ಳಿ. ಸೆಕೆಂಡಿಗೆ 50 ಸುತ್ತು, ಅದಕ್ಕೆ 22 ಬ್ಲೇಡು ಗುಣಿಸಿದರೆ ಮೂಲ ಸ್ವರ 1100 ಹರ್ಟ್ಸ್. ಫ್ಯಾನ್ ಕಲಕಿದ ಗಾಳಿ ಹಿಂದಿರುವ ಸ್ಟೇಟರ್ ಬ್ಲೇಡುಗಳಿಗೆ (ಇವು ತಿರುಗಲ್ಲ) ಬಡಿದಾಗ, ಎಂಜಿನ್ ಕೊಳವೆಯೊಳಗೆ ಗಿರಗಿರ ಸುತ್ತುವ ಒತ್ತಡದ ಅಲೆಗಳು ಹುಟ್ಟುತ್ತವೆ. ಮಜಾ ಇರೋದು ಇಲ್ಲೇ. ಟೈಲರ್ ಮತ್ತು ಸೋಫ್ರಿನ್ ಎಂಬ ಎಂಜಿನಿಯರುಗಳು 1962ರಲ್ಲಿ ಕೊಟ್ಟ ನಿಯಮದ ಪ್ರಕಾರ ಫ್ಯಾನ್ ಬ್ಲೇಡು, ಸ್ಟೇಟರ್ ಬ್ಲೇಡುಗಳ ಸಂಖ್ಯೆಯನ್ನು ಒಂದರಿಂದ ಇನ್ನೊಂದನ್ನು ಸುಮ್ನೆ ಕಳೆದರೆ ಸಾಕು. ಸ್ಟೇಟರ್ 24 ಇದ್ದರೆ ವ್ಯತ್ಯಾಸ 2: ಆ ಅಲೆ ಫ್ಯಾನಿಗಿಂತ 11 ಪಟ್ಟು ವೇಗವಾಗಿ ಸುತ್ತಿ ಹೊರಗೆ ಬರುತ್ತದೆ. 50 ಇದ್ದರೆ ವ್ಯತ್ಯಾಸ 28: ಫ್ಯಾನಿಗಿಂತ ನಿಧಾನ. ಇಳಿಯುವಾಗಿನ ವೇಗದಲ್ಲಿ ಅದು ಕೊಳವೆಯಲ್ಲೇ ಸೊರಗಿಹೋಗುತ್ತದೆ. ಸ್ಟೇಟರ್ ಸಂಖ್ಯೆಯನ್ನು ಫ್ಯಾನ್ ಬ್ಲೇಡುಗಳ ಎರಡು ಪಟ್ಟಿಗಿಂತ ಜಾಸ್ತಿ ಇಡೋದು ಇದಕ್ಕೇ.

ಬದುಕುಳಿದ ಅಲೆಗಳನ್ನು ಕೊಳವೆಯ ಬಾಯಿವರೆಗೆ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ (ಜಾಗವನ್ನು ಬಲೆಯಂತೆ ಸಣ್ಣ ತುಂಡುಗಳಾಗಿಸಿ ಲೆಕ್ಕ ಹಾಕೋದು) ಸಾಗಿಸುತ್ತಾರೆ. ಒಳಗೆ ನುಗ್ಗುವ ಗಾಳಿ, ಗೋಡೆಯ ಸದ್ದು ಹೀರುವ ಲೈನರ್ ಎರಡೂ ಲೆಕ್ಕಕ್ಕೆ ಬರಬೇಕು. ಅಲೆಯುದ್ದ 31 ಸೆಂಟಿಮೀಟರ್ ಅಷ್ಟೇ, ಅದರೊಳಗೆ ಎಂಟು ಹತ್ತು ಬಿಂದುಗಳಾದರೂ ಬೇಕು. ಯಲಹಂಕದವರೆಗೂ ಹೀಗೇ ಬಲೆ ಹೆಣೆಯೋಕಾಗಲ್ಲ ಅಲ್ವಾ? ಅದಕ್ಕೆ ಎಂಜಿನ್ ಸುತ್ತ ಒಂದು ಕಾಲ್ಪನಿಕ ಮೇಲ್ಮೈ ಹಾಕಿ, ಅದರ ಮೇಲಿನ ಒತ್ತಡದಿಂದ ದೂರದ ಸದ್ದನ್ನು ಇಂಟೆಗ್ರಲ್ ಮೂಲಕ (ಮೇಲ್ಮೈಯ ಪ್ರತಿ ತುಣುಕಿನ ಕೊಡುಗೆಯನ್ನು ಕೂಡಿಸಿ) ತೆಗೆಯುತ್ತಾರೆ.

ಹಿಂಬದಿಯಿಂದ ಬರುವ ಸದ್ದು ಕಷ್ಟ. ಜೆಟ್ ಗಾಳಿಯ ಅಂಚಿನಲ್ಲಿ ಅದರ ದಿಕ್ಕೇ ಬಾಗುತ್ತದೆ.