ಗಂಟೆ ಹಿಂದಕ್ಕೆ ಜಿಗಿದರೆ ಬ್ಯಾಟರಿ ಮೇಲೆ ಗೂಬೆ ಕೂರಿಸಬೇಡಿ

ಫೈನಲ್ ಇಯರ್ ಪ್ರಾಜೆಕ್ಟ್ ಸೀಸನ್ ಬಂತೆಂದರೆ ಮೈಸೂರು, ಮಂಡ್ಯದ ಕಾಲೇಜುಗಳಿಂದ ನನಗೆ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ. ಈ ಸಲ ಅದಕ್ಕೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಪೋರ್ಟ್ ಎಂದರೇನು, ಇಂಟರಪ್ಟ್ ಎಂದರೇನು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕಡೆ ಬರಲು ಇನ್ನೂ ಟೈಮಿದೆ.

*ಸರ್, ನಾವೇ ಒಂದು ಪುಟ್ಟ ಕರ್ನಲ್ ಬರೆದಿದ್ದೇವೆ. ಟೈಮರ್ ಟಿಕ್‌ಗೊಮ್ಮೆ ಪಿಸಿಯ ಸಿಮಾಸ್ ಗಡಿಯಾರ (ಪವರ್ ಇಲ್ಲದಾಗಲೂ ಬ್ಯಾಟರಿಯಿಂದ ಓಡುವ ಚಿಪ್) ಓದಿ ಸ್ಕ್ರೀನ್ ಮೇಲೆ ತೋರಿಸುತ್ತೇವೆ. ಅಪರೂಪಕ್ಕೊಮ್ಮೆ 11 ಗಂಟೆ ಆಗುವ ಹೊತ್ತಿಗೆ 10:00:00 ಎಂದು ತೋರಿಸಿ ಮರುಕ್ಷಣ ಸರಿಯಾಗುತ್ತದೆ. ಪ್ರಾಜೆಕ್ಟ್ ಸೆಂಟರಿನವರು ಪ್ರತಿ ರಿಜಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಮಾಹಿತಿ ಖಾನೆ) ಓದಿದ ಮೇಲೆ ಒಂದು ಮಿಲಿಸೆಕೆಂಡ್ ಡಿಲೇ ಹಾಕಿ ಎಂದರು. ಲ್ಯಾಬಿನವರು ಬ್ಯಾಟರಿ ಬದಲಾಯಿಸಿ ಎಂದರು. ಯಾವುದು ಸರಿ? – ವಿದ್ಯಾರ್ಥಿ, ಮಂಡ್ಯ*

ಎರಡೂ ತಪ್ಪು. ಡಿಲೇ ಸಲಹೆಯಂತೂ ಗಾಯಕ್ಕೆ ಖಾರ.

ನಿಮ್ಮ ಕೋಡ್ ಮೊದಲು ಗಂಟೆ, ಆಮೇಲೆ ನಿಮಿಷ, ಕೊನೆಗೆ ಸೆಕೆಂಡ್ ಓದುತ್ತಿದೆ ಅಂತ ಕಾಣುತ್ತದೆ. ಚಿಪ್ಪಿನೊಳಗೆ 10:59:59 ಇದ್ದಾಗ ನೀವು ಗಂಟೆ ಓದಿದಿರಿ, 10 ಸಿಕ್ಕಿತು. ಅಷ್ಟರಲ್ಲಿ ಚಿಪ್ 11:00:00ಕ್ಕೆ ಹೊರಳಿತು. ಈಗ ನಿಮಿಷ ಸೊನ್ನೆ, ಸೆಕೆಂಡ್ ಸೊನ್ನೆ. ಮೂರನ್ನೂ ಸೇರಿಸಿದರೆ 10:00:00. ಸೆಕೆಂಡಿನಿಂದ ಶುರುಮಾಡಿದರೆ ಪಾರಾಗುತ್ತೀರಾ? ಇಲ್ಲ, ಆಗ 11:00:59 ಬರುತ್ತದೆ. ಡಿಸೆಂಬರ್ 31ರ ಮಧ್ಯರಾತ್ರಿ ಇದೇ ಆದರೆ ಒಂದು ವರ್ಷವೇ ಏರುಪೇರು. ರಿಜಿಸ್ಟರ್‌ಗಳ ನಡುವೆ ಡಿಲೇ ಹಾಕಿದರೆ ಓದು ಇನ್ನೂ ಉದ್ದವಾಗುತ್ತದೆ, ಅಂದರೆ ಎಡವಟ್ಟಿಗೆ ಇನ್ನಷ್ಟು ಜಾಗ ಮಾಡಿಕೊಟ್ಟ ಹಾಗೆ. ಒಂದೇ ಕೋಡನ್ನು ವರ್ಷವರ್ಷ ಹೊಸ ಮಕ್ಕಳಿಗೆ ಮಾರುವವರಿಗೆ ಇದು ಹೇಗೆ ಗೊತ್ತಿರಬೇಕು?

ಬ್ಯಾಟರಿ ಸತ್ತರೆ ಪವರ್ ತೆಗೆದು ಹಾಕಿದ ಮೇಲೆ ಟೈಮ್ ಹಾಳಾಗುತ್ತದೆ. ಓಡುತ್ತಿರುವ ಯಂತ್ರದಲ್ಲಿ ಒಂದು ಗಂಟೆ ಹಿಂದೆ ಹೋಗಿ ವಾಪಸ್ ಬರುವುದಿಲ್ಲ. ಅನುಮಾನವಿದ್ದರೆ ರಿಜಿಸ್ಟರ್ ಡಿ ಓದಿ. ಅದರ 7ನೇ ಬಿಟ್ ಸೊನ್ನೆಯಾಗಿದ್ದರೆ ಆಮೇಲೆ ಅಂಗಡಿಗೆ ಹೋಗುವಿರಂತೆ.

ಈಗ ಮಾಡಬೇಕಾದ್ದು. ಪೋರ್ಟ್ ಹೆಕ್ಸ್ 70ಕ್ಕೆ ರಿಜಿಸ್ಟರ್ ನಂಬರ್ ಬರೆದು 71ರಿಂದ ಡೇಟಾ ಓದುತ್ತೀರಿ, ಸರಿ. ಮೊದಲು ರಿಜಿಸ್ಟರ್ ಎ ನೋಡಿ. ಅದರ 7ನೇ ಬಿಟ್ ಯುಐಪಿ. ಅದು ಒಂದಾಗಿದ್ದರೆ ಚಿಪ್ ತನ್ನ ಲೆಕ್ಕ ಬದಲಿಸುತ್ತಿದೆ, ಕೈ ಹಾಕಬೇಡಿ. ಸೊನ್ನೆಯಾಗಿದ್ದರೆ ಮುಂದಿನ ಬದಲಾವಣೆಗೆ ಕನಿಷ್ಠ 244 ಮೈಕ್ರೋಸೆಕೆಂಡ್ ಇದೆ, ಅಷ್ಟರೊಳಗೆ ಎಲ್ಲವನ್ನೂ ಓದಿ ಮುಗಿಸಬೇಕು. ಆದರೆ ಯುಐಪಿ ನೋಡಿದ ಮೇಲೆ ಮಧ್ಯದಲ್ಲಿ ಬೇರೆ ಇಂಟರಪ್ಟ್ ನುಗ್ಗಿ ಹೊತ್ತು ಕಳೆದರೆ? ಅದಕ್ಕೇ ಎರಡು ಸಲ ಓದಿ. ಎರಡೂ ತಾಳೆಯಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಮತ್ತೆ ಓದಿ. 70ಕ್ಕೆ ಬರೆಯುವುದು ಮತ್ತು 71 ಓದುವುದು ಎರಡು ಬೇರೆ ಹೆಜ್ಜೆ ಎಂಬುದೂ ನೆನಪಿರಲಿ. ನಡುವೆ ಇನ್ನೊಂದು ಕೋಡ್ ಬಂದು 70ರಲ್ಲಿ ಬೇರೆ ನಂಬರ್ ಬರೆದರೆ ನಿಮಗೆ ನಿಮಿಷದ ಬದಲು ತಿಂಗಳು ಸಿಗುತ್ತದೆ. ಲಾಕ್ ಹಾಕಿ, ಇಂಟರಪ್ಟ್ ನಿಲ್ಲಿಸಿ.

ಬಿಸಿಡಿ (ಒಂದೊಂದು ದಶಮಾಂಶ ಅಂಕಿಗೆ ನಾಲ್ಕು ಬಿಟ್ ಕೊಡುವ ಬರಹ) ಪರಿವರ್ತನೆ ಇದೆಲ್ಲ ಆದ ಮೇಲೆ. ಅದನ್ನೂ ಕುರುಡಾಗಿ ಮಾಡಬೇಡಿ, ರಿಜಿಸ್ಟರ್ ಬಿ ಕೇಳಿ ಮಾಡಿ. 2ನೇ ಬಿಟ್ ಸೊನ್ನೆ ಎಂದರೆ ಬಿಸಿಡಿ, 1ನೇ ಬಿಟ್ ಸೊನ್ನೆ ಎಂದರೆ 12 ಗಂಟೆಯ ಲೆಕ್ಕ. ಆ ಲೆಕ್ಕದಲ್ಲಿ ಮಧ್ಯಾಹ್ನ 12 ಚಿಪ್ಪಿನಲ್ಲಿ ಹೆಕ್ಸ್ 92 ಎಂದು ಕೂತಿರುತ್ತದೆ. ಮೇಲಿನ ಬಿಟ್ ತೆಗೆಯದೆ ಪರಿವರ್ತಿಸಿದವರ ಸ್ಕ್ರೀನ್ ಮೇಲೆ 92 ಗಂಟೆ ಕಂಡಿದ್ದೇನೆ. ಡೆಮೋ ಬೆಳಿಗ್ಗೆ ಇತ್ತು, ಪಾಸಾದರು.

ಅದಿರಲಿ, ಟಿಕ್‌ಗೊಮ್ಮೆ ಇದನ್ನು ಯಾಕೆ ಓದುತ್ತೀರಿ? ಬೂಟ್ ಆಗುವಾಗ ಒಂದು ಸಲ ಓದಿ, ಆಮೇಲೆ ಟೈಮರಿನಲ್ಲಿ ಎಣಿಸಿಕೊಳ್ಳಿ. ಹಳೆಯ 8254 ಟೈಮರ್ 1193182 ಹರ್ಟ್ಸ್‌ನಲ್ಲಿ ಓಡುತ್ತದೆ. ಸೆಕೆಂಡಿಗೆ 100 ಟಿಕ್ ಬೇಕೆಂದು ಭಾಜಕ 11932 ಹಾಕಿದರೆ ಸರಿಯಾಗಿ ನೂರು ಬರುವುದಿಲ್ಲ, ಭಾಗಾಕಾರದ ಶೇಷದಿಂದಲೇ ದಿನಕ್ಕೆ ಸುಮಾರು 1.3 ಸೆಕೆಂಡ್ ಹಿಂದೆ ಬೀಳುತ್ತೀರಿ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಡಿಯಾರಕ್ಕೆ ಬರೆಯುವ ಕೋಡನ್ನು ಮಾತ್ರ ಕ್ಯೂಎಮು (ತಂತ್ರಾಂಶದಲ್ಲೇ ಒಂದು ನಕಲಿ ಪಿಸಿ ಓಡಿಸುವ ಪ್ರೋಗ್ರಾಂ) ಒಳಗೇ ಪರೀಕ್ಷಿಸಿ. ಅದೇ ಸಿಮಾಸ್‌ನಲ್ಲಿ ಬಯೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಯಂತ್ರಗಳಿವೆ. ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಮೇಲೆ ಈ ಸಾಹಸ ಬೇಡ. ಇದರಲ್ಲಿ ನಾನು ಅಂಜುಬುರುಕ, ಹಾಗೇ ಇರುತ್ತೇನೆ.

*ಕ್ಯೂಎಮುನಲ್ಲಿ ಐದೂವರೆ ಗಂಟೆ ಕಡಿಮೆ ತೋರಿಸಿತು. ಡ್ರೈವರಿನಲ್ಲೇ (ಚಿಪ್ ಓದುವ ಕೋಡಿನಲ್ಲೇ) 5:30 ಕೂಡಿಸಿದೆ, ಸರಿಹೋಯಿತು. – ಕುವೆಂಪುನಗರ*

ನಮ್ಮ ಮಧ್ಯರಾತ್ರಿ, ಅಂದರೆ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ತೋರಿಸುವ ಆ ಗಡಿಯಾರದ 18:30ಕ್ಕೆ, ಏನಾಗುತ್ತದೆ ನೋಡಿ. ಗಂಟೆ 24 ಆಗುತ್ತದೆ, ತಾರೀಖು ನಿನ್ನೆಯದೇ ಉಳಿಯುತ್ತದೆ. ಡ್ರೈವರ್ ಚಿಪ್ ಹೇಳಿದ್ದನ್ನಷ್ಟೇ ಹೇಳಬೇಕು, ಭಾರತದ ಸಮಯ ಅದರ ಮೇಲೆ ಓಡುವ ಪ್ರೋಗ್ರಾಂಗಳ ಕೆಲಸ. ವಿಂಡೋಸ್ ಚಿಪ್ಪಿನಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಇಡುತ್ತದೆ. ಎರಡನ್ನೂ ಹಾಕಿಕೊಂಡು ಐದೂವರೆ ಗಂಟೆ ಜಗಳ ಆಡುವವರಿಗೂ ಇದೇ ಉತ್ತರ.

*ನಮ್ಮ ಆಲೆಮನೆಯ ಕೊಪ್ಪರಿಗೆ ಉಷ್ಣಾಂಶ ಬರೆದಿಡಲು ಡಿಎಸ್3231 ಗಡಿಯಾರ ಚಿಪ್ ಹಾಕಿದ್ದೇನೆ. ಕರೆಂಟ್ ಹೋಗಿ ಬಂದರೆ 2000ನೇ ಇಸವಿಯ ದಾಖಲೆ ಬರುತ್ತದೆ. – ಪಾಂಡವಪುರ*

ನಿಮಗೆ ಬ್ಯಾಟರಿ ನೋಡಿ ಎಂದೇ ಹೇಳುತ್ತೇನೆ. ಜೊತೆಗೆ ಸ್ಟೇಟಸ್ ರಿಜಿಸ್ಟರ್ ಹೆಕ್ಸ್ 0ಎಫ್‌ನ 7ನೇ ಬಿಟ್ ಓದಿ. ಅದು ಒಂದಾಗಿದ್ದರೆ ಆಸಿಲೇಟರ್ ನಡುವೆ ನಿಂತಿತ್ತು ಎಂದರ್ಥ. ಆಗ ಡ್ರೈವರ್ ಎರರ್ ಕೊಡಬೇಕು, ಸುಳ್ಳು ತಾರೀಖು ಕೊಡಬಾರದು. ಏಳೂ ರಿಜಿಸ್ಟರ್ ಒಂದೇ ಉಸಿರಿಗೆ ಓದಿ. ಓದು ಶುರುವಾದಾಗ ಚಿಪ್ಪೇ ಒಂದು ನಕಲು ತೆಗೆದಿಡುತ್ತದೆ. ಒಂದೊಂದಾಗಿ ಓದಿದರೆ ಮಂಡ್ಯದ ಹುಡುಗನ ಪಾಡೇ. ಲಿನಕ್ಸ್ ಬಳಸುತ್ತಿದ್ದರೆ ಡ್ರೈವರ್ ಆಗಲೇ ಇದೆ, ಬರೆಯಲು ಕೂರಬೇಡಿ.

*ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ಗಡಿಯಾರ ಹೆಚ್ಚು ನಿಖರವೇ?*

ಇಲ್ಲ.

*2038ಕ್ಕೆ ಚಿಪ್ ನಿಲ್ಲುತ್ತದಂತೆ?*

ಚಿಪ್ಪಿಗೆ ಅದರ ಗೊಡವೆಯೇ ಇಲ್ಲ. ಜನವರಿ 19ರ ಬೆಳಿಗ್ಗೆ 8:44:07 ದಾಟಿದರೆ ತುಂಬಿ ಹೋಗುವುದು ಸೆಕೆಂಡ್ ಎಣಿಸುವ ನಿಮ್ಮ 32 ಬಿಟ್ ವೇರಿಯಬಲ್.

*ಐಆರ್‌ಕ್ಯೂ 8 (ಸಿಮಾಸ್ ಗಡಿಯಾರದ ಇಂಟರಪ್ಟ್) ಒಂದು ಸಲ ಬಂದು ನಿಂತುಹೋಗುತ್ತದೆ.*

ರಿಜಿಸ್ಟರ್ ಸಿ ಓದಿ. ಓದುವವರೆಗೂ ಇನ್ನೊಂದು ಬರುವುದಿಲ್ಲ. ಇದನ್ನು ಕೇಳಿದವರ ಪಟ್ಟಿ ಉದ್ದವಿದೆ, ಒಬ್ಬೊಬ್ಬರಿಗೇ ಬರೆಯಲಾರೆ.