ಪ್ರತಿಕ್ರಿಯೆ: ಅಜ್ಜಿ ಮನೆಯ ಬೀಟೆ ಟೀಪಾಯಿಗೆ ಎಷ್ಟು ಬೆಲೆ?

ನಮಸ್ಕಾರ. ಮಂಡ್ಯದ ಅಜ್ಜಿ ಮನೆಯ ಟೀಪಾಯಿ, ಮೇಲೆ ಬಿಳಿ ಆನೆ ಮತ್ತು ಬಳ್ಳಿಯ ಕುಸುರಿ. ಹಳೆ ಸಾಮಾನಿನವರು ಹೇಳಿದ ಬೆಲೆ ಸರಿಯೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಕೊಡಬೇಡಿ. ಬಾಗಿಲಿಗೆ ಬಂದವರು ಹೇಳುವುದು ತಮಗೆ ಲಾಭ ಉಳಿಯುವ ಬೆಲೆಯನ್ನು.

ಮೊದಲು ಅದನ್ನು ಮಗುಚಿ ನೋಡಿ. ಪಾಲಿಶ್ ತಾಗದ ಅಡಿಭಾಗ ಸುಳ್ಳು ಹೇಳುವುದಿಲ್ಲ. ಬೀಟೆಯಾದರೆ ಒಳ್ಳೆಯ ಭಾರವಿರುತ್ತದೆ, ನೇರಳೆ ಛಾಯೆಯ ಕಂದು ಬಣ್ಣದಲ್ಲಿ ಕಪ್ಪು ಗೆರೆಗಳು ಓಡಿರುತ್ತವೆ. ಅಗ್ಗದ ಮರಕ್ಕೆ ಬಣ್ಣ ಬಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನಿಜವಾದ ಪ್ರಶ್ನೆ ಆ ಬಿಳಿ ಆನೆಯದು. ಮೈಸೂರಿನ ಹಳೆಯ ಬೀಟೆ ಕೆಲಸದಲ್ಲಿ ದಂತ ಕೂರಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್, ಬಣ್ಣಬಣ್ಣದ ಮರದ ಚೂರುಗಳು ಬಂದವು. ಭೂತಗನ್ನಡಿ ಹಿಡಿದರೆ ಪ್ಲಾಸ್ಟಿಕ್ ಎಲ್ಲ ಕಡೆ ಒಂದೇ ಸಮ, ದಂತದಲ್ಲಿ ಸಾಮಾನ್ಯವಾಗಿ ನವಿರಾದ ಗೆರೆಗಳು ಕಾಣುತ್ತವೆ. ಬಿಸಿ ಸೂಜಿ ಚುಚ್ಚಿ ನೋಡಿ ಎನ್ನುವ ಪಂಡಿತರು ಸಿಗುತ್ತಾರೆ, ಕಿವಿಗೊಡಬೇಡಿ. ದಂತವೆಂಬ ಅನುಮಾನ ಬಂದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ದಂತವಲ್ಲದಿದ್ದರೆ ಮೈಸೂರಿನ ಸಯ್ಯಾಜಿ ರಾವ್ ರಸ್ತೆಯಲ್ಲಿರುವ, ರಾಜ್ಯ ಸರ್ಕಾರದ ಕರಕುಶಲ ವಸ್ತುಗಳ ಕಾವೇರಿ ಮಳಿಗೆಯಲ್ಲಿ ಇಂಥದೇ ಹೊಸ ಕುಸುರಿ ಕೆಲಸಕ್ಕೆ ಎಷ್ಟು ಎಂದು ನೋಡಿಬನ್ನಿ, ಅಂದಾಜು ಸಿಗುತ್ತದೆ. ಆನ್‌ಲೈನ್ ಜಾಹೀರಾತಿನದು ಬರೀ ಆಸೆಯ ಬೆಲೆ. ಹರಾಜಿನಲ್ಲಿ ಮಾರಿಹೋದ ಬೆಲೆಯನ್ನು ಹುಡುಕಿ. ಹಾಂ, ಹೊಳಪು ಬರಲೆಂದು ಉಪ್ಪುಕಾಗದ ಉಜ್ಜಿಬಿಟ್ಟೀರಿ! ಹಳೆಯ ಮೈ ಹೋದರೆ ಅರ್ಧ ಬೆಲೆಯೂ ಹೋದಂತೆ.