ಮನಸ್ಸು ಸರಿಯಿಲ್ಲ ಅಂತ ಲೆಕ್ಚರರ್ ಹತ್ತಿರ ಹೇಳಿಕೊಳ್ಳಬಹುದಾ?

'ಅವರೇನು ಡಾಕ್ಟರಾ, ಹೇಳಿ ಏನು ಪ್ರಯೋಜನ' ಅಂತ ಕೇಳಿದ್ದೀರಿ. ಡಿಗ್ರಿಯಲ್ಲಿದ್ದಾಗ ನಾನೂ ಹೀಗೇ ಅಂದುಕೊಂಡು ಒಂದು ವರ್ಷ ಕಳೆದುಕೊಂಡೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಮಳೆಗೆ ಗುಡ್ಡ ಕುಸಿದಾಗ ನಮ್ಮ ಕಾಫಿ ತೋಟ ಅರ್ಧ ಕೊಚ್ಚಿಹೋಯಿತು. ಮನೆ ಉಳಿಯಿತು, ಮನೆಯವರೆಲ್ಲ ಉಳಿದರು. ಹಾಗಾಗಿ ನನಗೇನೋ ಆಗಿದೆ ಅಂತ ಹೇಳೋಕೇ ನಾಚಿಕೆ. ರಾತ್ರಿ ಮಳೆ ಹನಿದರೆ ಎದ್ದು ಕೂರುತ್ತಿದ್ದೆ. ಬೆಳಿಗ್ಗೆ ಮಡಿಕೇರಿ ಬಸ್ ಹತ್ತಿ, ಕಾಲೇಜಿಗೆ ಹೋಗದೆ ಸಂಜೆವರೆಗೆ ಬಸ್ ಸ್ಟ್ಯಾಂಡಿನಲ್ಲೇ ಇರುತ್ತಿದ್ದೆ.

ಸರ್ ಕರೆದು ಕೇಳಿದರು. ಟೈಫಾಯ್ಡ್ ಅಂದೆ. ಎಲ್ಲ ಕೆಟ್ಟಿದ್ದು ಇಲ್ಲೇ. ಟೈಫಾಯ್ಡ್ ಅಂದರೆ ಒಂದಲ್ಲ ಒಂದು ದಿನ ವಾಸಿಯಾಗಲೇಬೇಕು, ಅಲ್ವಾ? 'ಗಂಜಿ ಕುಡಿ, ರೆಸ್ಟ್ ಮಾಡು' ಅಂದರು, ನೋಟ್ಸ್ ಕಳಿಸಿದರು. ಆಮೇಲೂ ನಾನು ಬರದಿದ್ದಾಗ ಸೋಮಾರಿ ಅಂತ ತಿಳಿದರು. ಹಾಜರಾತಿ 75 ಪರ್ಸೆಂಟ್‌ಗಿಂತ ಕಡಿಮೆಯಾಗಿ ಹಾಲ್ ಟಿಕೆಟ್ ಸಿಗದಾಗ ನಿಜ ಬಾಯಿಬಿಟ್ಟೆ. ಅಷ್ಟೊತ್ತಿಗೆ ನಿಜವೂ ನೆಪದ ಹಾಗೆ ಕೇಳಿಸಿತು. ಅವರನ್ನು ದೂರಲಾರೆ. ನಾನು ಹೇಳಿದ ಕಾಯಿಲೆಗೆ ಅವರು ಸರಿಯಾಗೇ ನಡೆದುಕೊಂಡಿದ್ದರು.

ಮುಂದಿನ ವರ್ಷ ಬಂದ ಮೇಡಂ ಹಾಜರಿ ಪುಸ್ತಕ ಮುಚ್ಚಿಟ್ಟು, 'ಪಾಠದ ವಿಷಯ ಬಿಡಪ್ಪ, ರಾತ್ರಿ ನಿದ್ದೆ ಬರ್ತಿದೆಯಾ?' ಅಂದರು. ಉಪದೇಶ ಮಾಡಲಿಲ್ಲ. ಮಡಿಕೇರಿ ಜಿಲ್ಲಾಸ್ಪತ್ರೆಗೆ ಜೊತೆಗೇ ಬಂದರು. ಒಳಗೆ ನಾನು ಮನೋವೈದ್ಯರ ಹತ್ತಿರ ಮಾತಾಡುವಷ್ಟು ಹೊತ್ತು ಹೊರಗೆ ಬೆಂಚಿನ ಮೇಲೆ ಇಂಟರ್ನಲ್ಸ್ ಪೇಪರ್ ತಿದ್ದುತ್ತಾ ಕೂತಿದ್ದರು.

ಹಾಗಾಗಿ ಅವರು ಡಾಕ್ಟರಾ ಅಂತ ಕೇಳುವುದೇ ತಪ್ಪು. ದಿನಾ ಹಾಜರಿ ಕರೆಯುವವರು ಅವರು. ನಾವು ಕ್ಲಾಸಿಗೆ ಬರುತ್ತಿಲ್ಲ ಅನ್ನುವುದು ಮನೆಯವರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಗಮನಿಸಿ, ಕೇಳಿ, ಡಾಕ್ಟರ ಬಾಗಿಲ ತನಕ ಜೊತೆ ಬಂದರೆ ಸಾಕು. ಇಷ್ಟನ್ನೂ ಮಾಡದ ಮೇಷ್ಟ್ರು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ನನಗೆ ಒಪ್ಪಿಗೆ ಇಲ್ಲ.

ನೀವು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಹೇಳಬೇಡಿ. ಕೊನೆ ಪಿರಿಯಡ್ ಆದ ಮೇಲೆ ಒಬ್ಬರೇ ಸಿಕ್ಕಾಗ, 'ನಿದ್ದೆ ಇಲ್ಲ, ಕ್ಲಾಸಿಗೆ ಬರೋಕಾಗ್ತಿಲ್ಲ' ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಜ್ವರ, ತಲೆನೋವು ಅನ್ನಬೇಡಿ. ಚಿಕಿತ್ಸೆಯ ವಿಷಯ ಊರಿಗೆಲ್ಲ ಗೊತ್ತಾಗುತ್ತೆ ಅನ್ನೋ ಭಯವೂ ಬೇಡ. ಅದನ್ನು ಡಾಕ್ಟರ್ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಯಾವ ಲೆಕ್ಚರರಿಗೂ ಕಾಯಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.